ಗಸಗಸೆ ಪಾಯಸದ ಸಾಕ್ಷಿ

ಹಿಟ್ಟು ಬೆಂದು ಕೋಲು ಹಾಕುವ ಹೊತ್ತಿಗೆ ಸರಿಯಾಗಿ ಫೋನ್ ಬಡಿದುಕೊಂಡಿತು.

ಮುದ್ದೆ ಮಾಡುವವರಿಗೆ ನಾನು ಹೇಳಬೇಕಾಗಿಲ್ಲ. ಎಸರಿನಲ್ಲಿ ಹಿಟ್ಟು ಬೆಂದ ಮೇಲೆ ಪಾತ್ರೆ ಕೆಳಗಿಳಿಸಿ, ಎರಡು ಕವಲಿನ ಕವೆಗೋಲಿನಲ್ಲಿ ಅದನ್ನು ಒತ್ತಿ ಹಿಡಿದು, ಹಿಟ್ಟಿನ ಕೋಲಿನಲ್ಲಿ ತಿರುವುವ ಆ ಗಳಿಗೆಯಲ್ಲಿ ಬಾಗಿಲಿಗೆ ಮಂತ್ರಿ ಬಂದರೂ ಏಳುವ ಹಾಗಿಲ್ಲ. ಕೈ ಬಿಟ್ಟರೆ ಗಂಟು ಕಟ್ಟುತ್ತದೆ. ಗಂಟು ಕಟ್ಟಿದ ಮುದ್ದೆಗೆ ನಮ್ಮ ಮನೆಯವರು ಬೈಯುವವರಲ್ಲ, ಸಿಕ್ಕಿದ ಗಂಟನ್ನೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಟ್ಟು ಎದ್ದು ಹೋಗುತ್ತಾರೆ. ಅದಕ್ಕಿಂತ ಬೈಗುಳವೇ ವಾಸಿ.

ಫೋನನ್ನು ಬೆಳಿಗ್ಗೆಯೇ ದೇವರ ಗೂಡಿನಲ್ಲಿ, ಗಣಪತಿಯ ಪಟದ ಪಕ್ಕ ಇಟ್ಟಿದ್ದೆ. ಅಲ್ಲಿಂದಲೇ ಅದು ಕೂಗುತ್ತಿತ್ತು. ಕತ್ತು ಚಾಚಿ ನೋಡಿದೆ. ನಮ್ಮ ದೇಶದ ನಂಬರಿಗೆ ಇಷ್ಟು ಉದ್ದ ಇರುವುದಿಲ್ಲ. ಆ ಕರೆಯೇ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಕವೆ. "ಅಪ್ಪಾ ಗಣಪತಿ, ಸ್ವಲ್ಪ ಹಿಡ್ಕೊಂಡಿರು" ಅಂದುಕೊಳ್ಳುತ್ತಾ ನಾಲ್ಕು ಸುತ್ತು ತಿರುವುವಷ್ಟರಲ್ಲಿ ಅದು ನಿಂತೇ ಹೋಯಿತು.

ನಾವಾಗಿ ಕೊಲ್ಲಿಯ ಆ ದೇಶಕ್ಕೆ ಮಾಡೋಣ ಅಂದರೆ ನನ್ನ ಫೋನಿನಿಂದ ಹೋಗುವುದಿಲ್ಲ. ಅವರೇ ಮತ್ತೆ ಮಾಡಬೇಕು. ಕಾಯುವುದೊಂದೇ ದಾರಿ. ಅವತ್ತು ಆ ದೇಶದ ಕೋರ್ಟಿನಲ್ಲಿ ನಮ್ಮ ಎದುರುಮನೆ ಅಕ್ಕನ ಮಗನಿಗೆ ತೀರ್ಪು. ಮನೆಗೆ ಬರುತ್ತಾನೋ, ತಲೆ ಹೋಗುತ್ತದೋ, ಎರಡರಲ್ಲಿ ಒಂದು. ಅಕ್ಕ ತನ್ನ ಫೋನಿನಲ್ಲಿ ಆ ಸುದ್ದಿ ಕೇಳುವುದಿಲ್ಲ ಅಂತ ಹಟ ಹಿಡಿದು ನನ್ನ ನಂಬರು ಕೊಡಿಸಿದ್ದಳು. ಹಿಂದಿನ ದಿನ ನಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಹೇಳಿದ್ದಳು:

"ಒಳ್ಳೇದಾದ್ರೆ ಬೀದಿಯಿಂದ್ಲೇ ಕೂಗು ಕಣೇ. ಕೆಟ್ಟದ್ದಾದ್ರೆ ಕೂಗ್ಬೇಡ. ಬಂದು ನನ್ ಪಕ್ಕ ಕೂತ್ಕೊ. ಏನೂ ಹೇಳ್ಬೇಡ, ನಂಗೆ ಗೊತ್ತಾಗುತ್ತೆ."

ಆಗಲಿ ಅಂದಿದ್ದೆ.

ನಮ್ಮದು ವಕ್ಕಲೇರಿ ಕಡೆಯ ಊರು. ರಾಗಿ, ಟೊಮೇಟೊ, ಒಂದಿಷ್ಟು ಹಿಪ್ಪುನೇರಳೆ, ಮನೆಗೆರಡು ಸೀಮೆಹಸು. ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ನಾನು ಈ ಬೀದಿಗೆ ಸೊಸೆಯಾಗಿ ಬಂದ ದಿನ ಎದುರುಮನೆಯಿಂದ ಆರತಿ ತಟ್ಟೆ ತಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹುಡ್ಗಿ ಸಣ್ಣಗಿದಾಳೆ, ಪರ್ವಾಗಿಲ್ಲ, ನಮ್ಮೂರ್ ಮುದ್ದೆ ತಿಂದ್ರೆ ಸರಿಹೋಗ್ತಾಳೆ" ಅಂದವಳು. ಸರಿಹೋದೆ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ. ಅವಳ ತವರು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ. ಕೋಪ ಬಂದರೆ ಕನ್ನಡ, ಪ್ರೀತಿ ಬಂದರೆ ತೆಲುಗು. ಎರಡೂ ಒಟ್ಟಿಗೆ ಬಂದರೆ ನಾವು ಮನೆಯೊಳಗೆ ಹೋಗಿಬಿಡುತ್ತೇವೆ.

ಅವಳ ಮಗ ಮೊದಲು ಡೈರಿಯ ಹಾಲಿನ ಗಾಡಿ ಓಡಿಸುತ್ತಿದ್ದ. ಆಮೇಲೆ ಕೊಲ್ಲಿಯ ಒಂದು ದೇಶದಲ್ಲಿ ಯಾರದೋ ದೊಡ್ಡ ಮನೆಗೆ ಡ್ರೈವರಾಗಿ ಹೋದ. ಆ ಮನೆಯ ಮುದುಕಮ್ಮನನ್ನು ಆಸ್ಪತ್ರೆಗೆ, ನೆಂಟರ ಮನೆಗೆ ಕರೆದುಕೊಂಡು ಹೋಗುವುದೇ ಅವನ ಕೆಲಸ. ಮಾಲೂರಿನ ಹುಡುಗಿಯನ್ನು ಮದುವೆಯಾಗಿದ್ದ. ಕಳೆದ ಸಲ ರಜೆಗೆ ಬಂದವನು ಗೌರಿಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗಲೇ ವಾಪಸು ಹೊರಡಬೇಕಾಯಿತು.

ಅವನು ರಜೆಯಲ್ಲಿದ್ದಾಗಲೇ ಒಂದು ಸಂಜೆ ನಡೆದದ್ದನ್ನು ಹೇಳಬೇಕು. ಡೈರಿಗೆ ಹಾಲು ಹಾಕಲು ನಾವೆಲ್ಲ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದೆವು. ಎದುರಿನ ಟೀ ಅಂಗಡಿಯ ಟೀವಿಯಲ್ಲಿ, ಬೆಂಗಳೂರಿನಲ್ಲಿ ಮಾದಕ ಪುಡಿ ಮಾರುತ್ತಿದ್ದ ಅಂತ ಯಾವುದೋ ದೂರದೇಶದ ಕರಿಯ ಹುಡುಗನನ್ನು ಪೊಲೀಸರು ಹಿಡಿದು ಕೂರಿಸಿದ್ದನ್ನು ತೋರಿಸುತ್ತಿದ್ದರು. ಹುಡುಗ ತಲೆ ಬಗ್ಗಿಸಿದ್ದ. ನಮ್ಮ ಸಾಲು ಬಗ್ಗಿಸಿರಲಿಲ್ಲ. ಒಬ್ಬರು ಇವರನ್ನೆಲ್ಲ ದೇಶದಿಂದ ಓಡಿಸಬೇಕು ಅಂದರು, ಇನ್ನೊಬ್ಬರು ಓಡಿಸಿದರೆ ಸಾಲದು, ನೇಣು ಹಾಕಬೇಕು ಅಂದರು. ಕೊಲ್ಲಿಯ ಕಡೆ ಕೇಸೂ ಇಲ್ಲ ಗೀಸೂ ಇಲ್ಲ, ನೇರ ತಲೆ, ಅದೇ ಸರಿಯಾದ ಕಾನೂನು ಅಂತ ಮೂರನೆಯವರು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ನಮ್ಮ ಅಕ್ಕ.

"ನಮ್ ಮಕ್ಳನ್ನ ಹಾಳ್ ಮಾಡಕ್ ಬಂದೋರು. ಇವ್ರಿಗೆ ಯಾಕ್ ಅನ್ನ ಹಾಕಿ ಸಾಕ್ತಾರೆ? ಚೀಲ್ದಲ್ ಸಿಕ್ತಾ, ಮುಗೀತು."

ಯಾರೂ ಬೇಡ ಅನ್ನಲಿಲ್ಲ. ಹಾಲಿನ ಡಿಗ್ರಿ ಕಡಿಮೆ ಬಂದು ರೇಟು ಇಳಿದಿದ್ದಕ್ಕೆ ಎಲ್ಲರಿಗೂ ಮೊದಲೇ ಸಿಟ್ಟಿತ್ತು, ಅದೂ ಆ ಹುಡುಗನ ತಲೆ ಮೇಲೆಯೇ ಬಿತ್ತು.

ಆ ವಾರವೇ ಅಕ್ಕ ಮಗನ ಚೀಲ ಕಟ್ಟಿದ್ದು. ನಮ್ಮ ಕಡೆ ಯಾರಾದರೂ ದೂರ ಹೊರಟರೆ ಚೀಲ ಕಟ್ಟುವುದು ಅವರ ಕೆಲಸವಲ್ಲ, ಬೀದಿಯ ಕೆಲಸ. ನನ್ನ ಪಾಲು ಹುರಿಹಿಟ್ಟು. ಬೀದಿ ಕೊನೆಯ ಮನೆಯ ಅಜ್ಜಿಯದು ಹುಣಸೆ ತೊಕ್ಕು. ಅಕ್ಕನ ಸೊಸೆ ಚಟ್ನಿಪುಡಿ ಮಾಡಿದಳು. ಅಲ್ಲಿ ಅವನ ರೂಮಿನಲ್ಲಿ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹುಡುಗರೇ ಇದ್ದಾರೆ, ಗಣಪತಿ ಹಬ್ಬ ಮಾಡುತ್ತಾರೆ ಅಂತ ಕೇಳಿ ಅಕ್ಕ ಹಬ್ಬದ ಸಾಮಾನು ಬೇರೆಯಾಗಿ ಕಟ್ಟಿದಳು. ಬೆಲ್ಲ, ಏಲಕ್ಕಿ, ಕೊಬ್ಬರಿ, ಮತ್ತೆ ಒಂದು ದೊಡ್ಡ ಪೊಟ್ಟಣ ಗಸಗಸೆ. ಗಸಗಸೆ ಪಾಯಸ ಇಲ್ಲದೆ ನಮ್ಮಲ್ಲಿ ಹಬ್ಬ ಹಬ್ಬವೇ ಅಲ್ಲ. ಅಂಗಡಿಯಿಂದ ತಂದದ್ದನ್ನು ಕಲ್ಲು ಆರಿಸಿ, ತೊಳೆದು, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಹಾಕಿ, ಅರಿಶಿನ ಹಚ್ಚಿ ಚೀಲದ ತಳದಲ್ಲಿಟ್ಟಳು, ದೇವರ ಸಾಮಾನು ಕಾಲಿಗೆ ತಗುಲಬಾರದು ಅಂತ, ಬಟ್ಟೆಗಳ ನಡುವೆ ಹುದುಗಿಸಿ.

ಆ ದೇಶದ ವಿಮಾನ ನಿಲ್ದಾಣದಲ್ಲಿ ಅದೇ ದೊಡ್ಡ ತಪ್ಪಾಗಿ ಕಂಡಿತು. ಬಟ್ಟೆಗಳ ನಡುವೆ ಬಚ್ಚಿಟ್ಟಿದ್ದಾನೆ ಅಂತ ಹಿಡಿದು ಜೈಲಿಗೆ ಹಾಕಿದರು.

ಗಸಗಸೆ ಅಂದರೆ ಅಫೀಮಿನ ಗಿಡದ ಬೀಜ, ಅಲ್ಲಿ ಅದನ್ನು ಮಾದಕ ವಸ್ತುವಿನ ಲೆಕ್ಕಕ್ಕೆ ಸೇರಿಸುತ್ತಾರೆ, ಹೊರಗಿನಿಂದ ತಂದವನಿಗೆ ಮರಣದಂಡನೆಯವರೆಗೂ ಕಾನೂನು ಹೋಗಬಹುದು ಅಂತ ನಮ್ಮ ಬೀದಿಯಲ್ಲಿ ಯಾರಿಗೆ ಗೊತ್ತಿತ್ತು? ಹುಟ್ಟಿದಾಗಿನಿಂದ ಕುಡಿದುಕೊಂಡು ಬಂದಿದ್ದೇವೆ. ನಮಗೆ ಅದನ್ನು ಬಿಡಿಸಿ ಹೇಳಿದವರು ಶ್ರೀನಿವಾಸಪುರದ ಭಾಯ್. ಮಾವಿನ ಮಂಡಿ ಮನೆತನದವರು, ಆ ದೇಶದಲ್ಲೇ ಬಹಳ ಕಾಲದಿಂದ ಅಂಗಡಿ ಇಟ್ಟುಕೊಂಡಿರುವವರು. ಅಲ್ಲಿನ ಭಾಷೆ ಚೆನ್ನಾಗಿ ಬರುತ್ತದೆ. ಸಂಬಂಧವಿಲ್ಲ, ಪರಿಚಯವೂ ಅಷ್ಟಕ್ಕಷ್ಟೇ. ಆದರೂ ಅಂಗಡಿಯ ಕೆಲಸ ಬಿಟ್ಟು ವಕೀಲರ ಹಿಂದೆ ಓಡಾಡಿದರು. ನಮ್ಮ ಕಡೆ ಹುಡುಗ ಅನ್ನುವುದು ಬಿಟ್ಟರೆ ಬೇರೆ ಕಾರಣ ಅವರು ಹೇಳಿದ್ದನ್ನು ನಾನು ಕೇಳಿಲ್ಲ. ದೇವರು ಯಾರ ಕೈಯಲ್ಲಿ ಬರುತ್ತಾನೆ ಅಂತ ನಾವು ಮೊದಲೇ ಹೇಳಲಾಗುವುದಿಲ್ಲ.

ಊರಲ್ಲಿ ಸುದ್ದಿ ಬೇರೆ ಥರ ಹಬ್ಬಿತು. ಗಸಗಸೆಗೆ ಯಾರಾದರೂ ಜೈಲಿಗೆ ಹಾಕುತ್ತಾರಾ, ಒಳಗೆ ಇನ್ನೇನೋ ಇದ್ದಿರಬೇಕು ಅಂದರು. ಹೊಸದಾಗಿ ಮನೆಗೆ ಟೈಲ್ಸ್ ಹಾಕಿಸಿದ್ದು ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತು ಅಂದರು. ಡೈರಿಯ ಸಾಲಿನಲ್ಲಿ ಅಕ್ಕನ ಹಿಂದೆ ಮುಂದೆ ಒಂದು ಮೊಳ ಜಾಗ ಖಾಲಿ ಉಳಿಯತೊಡಗಿತು. ಬಾಯಿ ಮುಚ್ಚಿಕೊಂಡಿರುವ ಅಕ್ಕನನ್ನು ನೋಡುವುದು, ತಿರುಗದ ಬೀಸುವ ಕಲ್ಲನ್ನು ನೋಡಿದ ಹಾಗೆ. ಆ ಖಾಲಿ ಜಾಗದಲ್ಲಿ ನಾನು ಹೋಗಿ ನಿಲ್ಲುತ್ತಿದ್ದೆ. ದೊಡ್ಡ ಕೆಲಸವೇನಲ್ಲ, ನನಗೂ ಸಾಲಿನಲ್ಲಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕಿತ್ತು.

ಒಂದು ದಿನ ಭಾಯ್ ಫೋನಿನಲ್ಲಿ ಮಾತಾಡುತ್ತಾ, ಅಲ್ಲಿನ ಟೀ ಅಂಗಡಿಗಳಲ್ಲೂ ಇದೇ ಮಾತು ಅಂದರು. ಈ ಪರದೇಶಿಗಳು ಬಂದು ನಮ್ಮ ಮಕ್ಕಳನ್ನು ಹಾಳು ಮಾಡುತ್ತಾರೆ, ಇವರಿಗೆ ಯಾಕೆ ಜೈಲಿನಲ್ಲಿ ಅನ್ನ ಹಾಕಿ ಸಾಕುತ್ತೀರಿ, ಚೀಲದಲ್ಲಿ ಸಿಕ್ಕಿತಲ್ಲ, ಮುಗಿಸಿ ಅಂತ ಜನ ಹೇಳುತ್ತಾರಂತೆ. ಫೋನು ಇಟ್ಟ ಮೇಲೆ ಅಕ್ಕ ಕಾಫಿಯ ಲೋಟ ಕೆಳಗಿಟ್ಟಳು. ಆಮೇಲೆ ಕೇಳಿದಳು, "ಅಲ್ಲ ಕಣೇ, ನಾನು ಡೈರಿ ಹತ್ರ ಆಡಿದ್ ಮಾತು, ನನ್ ಮಗನಿಗಿಂತ ಮುಂಚೆ ಹೋಗಿ ಅಲ್ಲಿ ಕೂತಿತ್ತಾ?"

ನಾನು ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ಮುಂದಿನ ಸಂಕಷ್ಟಿಗೆ ಇಬ್ಬರೂ ಕುರುಡುಮಲೆಗೆ ಹೋದೆವು. ಅಷ್ಟು ಎತ್ತರದ ಗಣಪತಿಯ ಮುಂದೆ ನಿಂತರೆ ನನಗೆ ಯಾವಾಗಲೂ ಒಂದು ಥರ ಸಮಾಧಾನ. ಇಷ್ಟು ದೊಡ್ಡ ಕಿವಿ ಇದೆ, ಎಲ್ಲಿಂದ ಹೇಳಿದರೂ ಕೇಳುತ್ತದೆ ಅನ್ನಿಸುತ್ತದೆ. ಅಕ್ಕ ಹರಕೆ ಕಟ್ಟಿದಳು. ಏನು ಅಂತ ನಾನು ಕೇಳಲಿಲ್ಲ. ವಾಪಸು ಬರುವಾಗ ಮುಳಬಾಗಿಲಿನಲ್ಲಿ ಕೋಲಾರದ ಬಸ್ಸು ಹತ್ತಿದರೆ ನಿಲ್ಲಲೂ ಜಾಗವಿಲ್ಲ. ಆದರೆ ಒಂದೇ ಒಂದು ಸೀಟು ಖಾಲಿ. ಪಕ್ಕದಲ್ಲಿ ಕಿಟಕಿಯ ಕಡೆ ಒಬ್ಬ ಕರಿಯ ಹುಡುಗ, ಆಫ್ರಿಕಾದವನು, ಕಾಲೇಜಿನಲ್ಲಿ ಓದುವವನಿರಬೇಕು, ಮಡಿಲಲ್ಲಿ ಚೀಲ. ನಿಂತವರು ಕಂಬಿ ಹಿಡಿದು ಜೋತಾಡುತ್ತಿದ್ದರು, ಯಾರೂ ಅಲ್ಲಿ ಕೂತಿರಲಿಲ್ಲ. ಅಕ್ಕ ಒಂದು ಗಳಿಗೆ ನಿಂತಳು. ಆ ಖಾಲಿ ಸೀಟನ್ನು ನೋಡಿದಳು. ಡೈರಿಯ ಸಾಲಿನ ಖಾಲಿ ಜಾಗ ಅವಳಿಗೆ ನೆನಪಾಯಿತೋ, ಕಾಲು ನೋಯುತ್ತಿತ್ತೋ, ಹೋಗಿ ದೊಪ್ಪ ಅಂತ ಕೂತಳು.

ಸ್ವಲ್ಪ ದೂರ ಹೋದ ಮೇಲೆ ಪ್ರಸಾದದ ಕಾಯಿಚೂರು ಅವನ ಕೈಗಿಟ್ಟು ಮಾತು ತೆಗೆದಳು. ಅವನಿಗೆ ಹರಕುಮುರುಕು ಕನ್ನಡ ಬರುತ್ತಿತ್ತು. ಯಾವ ಊರು, ಮನೆಯಲ್ಲಿ ಎಷ್ಟು ಜನ ಅಂತೆಲ್ಲ ಅವಳು ಕೇಳಲಿಲ್ಲ.

"ಬರೋವಾಗ ನಿಮ್ಮಮ್ಮ ಏನ್ ಕಟ್ಟಿಕೊಟ್ಟಿದ್ಲಪ್ಪ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹಲ್ಲು ಬಿಟ್ಟು ನಕ್ಕ. "ಮೀನ್ ಪುಡಿ, ಅಮ್ಮ. ಒಣಾ ಮೀನು. ತುಂಬಾ ವಾಸನೆ. ಏರ್‌ಪೋರ್ಟಲ್ಲಿ ಕಿತ್ಕೊಂಡ್ರು. ಮೂಗ್ ಮುಚ್ಕೊಂಡ್ ಕಿತ್ಕೊಂಡ್ರು."

ಅಕ್ಕ ನಕ್ಕಳು. ಮಗ ಸಿಕ್ಕಿಬಿದ್ದ ಮೇಲೆ ಮೊದಲನೇ ಸಲ. ಮೂಗು ಮುಚ್ಚಿಕೊಂಡ ಆಫೀಸರನ್ನು ನೆನೆಸಿಕೊಂಡು ಕೋಲಾರ ಬರುವವರೆಗೂ ಆಗಾಗ ನಗುತ್ತಲೇ ಇದ್ದಳು. ಇಳಿಯುವಾಗ ಅವನಿಗೆ, ಹೋದರೆ ಮೀನು ಹೋಯಿತು, ಪುಣ್ಯವಂತ ನೀನು ಅಂದಳು. ಅವನಿಗೆ ಏನೂ ಅರ್ಥವಾಗಿರಲಾರದು, ಕೈಮುಗಿದ. ಅವತ್ತು ರಾತ್ರಿ ಅಕ್ಕ ಎರಡು ಮುದ್ದೆ ಉಂಡಳು ಅಂತ ಸೊಸೆ ಬಂದು ಹೇಳಿದಾಗ ನಾನು ದೇವರಿಗೆ ಇನ್ನೊಂದು ಬತ್ತಿ ಹೆಚ್ಚಿಗೆ ಹಾಕಿದೆ.

ಆಮೇಲೆ ವಕೀಲರಿಂದ ಒಂದು ವಿಚಿತ್ರ ಬೇಡಿಕೆ ಬಂತು. ಆ ಬೀಜವನ್ನು ಪರೀಕ್ಷೆಗೆ ಕಳಿಸಿದ್ದಾರೆ, ಅದು ಅವರ ಕೆಲಸ. ಆದರೆ ಇದು ನಿಮ್ಮ ಕಡೆ ನಿಜವಾಗಿಯೂ ಅಡುಗೆಯ ಸಾಮಾನು ಅಂತ ತೋರಿಸಲು ಏನಾದರೂ ಇದೆಯಾ, ಹೇಗೆ ಮಾಡುತ್ತೀರಿ, ಯಾರು ತಿನ್ನುತ್ತಾರೆ, ವಿಡಿಯೋ ಮಾಡಿ ಕಳಿಸಿ ಅಂದರು.

ನಮ್ಮ ಬೀದಿಯ ಹೆಂಗಸರಿಗೆ ಅಲ್ಲಿಯವರೆಗೂ ಆ ಹುಡುಗನಿಗೆ ಏನು ಸಹಾಯ ಮಾಡುವುದು ಅಂತ ಗೊತ್ತಿರಲಿಲ್ಲ. ಪಾಯಸ ಮಾಡಿ ಅಂದರೆ ಗೊತ್ತಿತ್ತು. ಮಾರನೇ ದಿನ ಅಕ್ಕನ ಅಡುಗೆಮನೆಯಲ್ಲಿ ಎಲ್ಲರೂ ರೇಷ್ಮೆ ಸೀರೆ. ಕೋರ್ಟಿಗೆ ಹೋಗುವ ವಿಡಿಯೋ, ಹಳೇ ಸೀರೆಯಲ್ಲಿ ನಿಂತರೆ ಊರಿನ ಮಾನ ಏನಾಗಬೇಕು? ಅಜ್ಜಿ ತನ್ನ ಮೂಗುಬೊಟ್ಟು ಬೇರೆ ಹಾಕಿಕೊಂಡು ಬಂದಿತ್ತು. ಸೊಸೆ ಫೋನು ಹಿಡಿದಳು. ಕೆಲವು ದಿನಗಳ ಹಿಂದೆ ಟೈಲ್ಸಿನ ಮಾತಾಡಿದವರೂ ಬಂದು ಕಾಯಿ ತುರಿಯಲು ಕೂತರು. ಬರಬೇಡಿ ಅನ್ನಲು ಅಕ್ಕನಿಗೂ ಮನಸ್ಸಿರಲಿಲ್ಲ, ಕಾಯಿ ತುರಿಯಲು ಜನವೂ ಬೇಕಿತ್ತು.

ಅಕ್ಕ ಕ್ಯಾಮೆರಾಗೆ ಕೈಮುಗಿದು, "ನಮಸ್ಕಾರ ಸ್ವಾಮಿ, ಇದು ಗಸಗಸೆ" ಅಂತ ಶುರುಮಾಡಿದಳು. ಬಾಣಲೆಗೆ ಹಾಕಿ ಹುರಿದಳು. ಅಲ್ಲಿಯವರೆಗೂ ಎಲ್ಲ ಗಂಭೀರ. ರುಬ್ಬಲು ಒಂದು ಹಿಡಿ ಅಕ್ಕಿ ಸೇರಿಸು ಅಂತ ಅಜ್ಜಿ ಅಂದಿದ್ದೇ ತಡ, ಅಕ್ಕಿ ಹಾಕಿದರೆ ಅದು ಗಂಜಿ, ಪಾಯಸವಲ್ಲ ಅಂತ ಅಕ್ಕ ತಿರುಗಿ ಬಿದ್ದಳು. ನಮ್ಮತ್ತೆಯ ಕಾಲದಿಂದ ಅಕ್ಕಿ ಹಾಕುತ್ತೇವೆ ಅಂತ ನಾನೂ ಬಾಯಿ ಹಾಕಿದೆ. ಫೋನು ಹಿಡಿದಿದ್ದ ಸೊಸೆ ಅದರ ಹಿಂದಿನಿಂದಲೇ, ನಮ್ಮ ಮಾಲೂರಿನ ಕಡೆ ಸಕ್ಕರೆ ಹಾಕುತ್ತೇವೆ ಅಂದಳು. ಆಗ ಅಕ್ಕಿಯ ಜಗಳ ಬಿಟ್ಟು ಎಲ್ಲರೂ ಒಟ್ಟಾಗಿ ಅವಳ ಮೇಲೆ ಬಿದ್ದೆವು. ಬೆಲ್ಲ ಇಲ್ಲದ ಗಸಗಸೆ ಪಾಯಸ ಎಲ್ಲಾದರೂ ಉಂಟೇ.

ಕೊನೆಗೆ ಬೆಲ್ಲವೇ ಬಿತ್ತು, ಅಕ್ಕಿಯೂ ಬಿತ್ತು. ಪಾಯಸ ಕುದಿದು ಘಮ್ ಅಂದಿತು. ಅಕ್ಕ ಮೊದಲ ಲೋಟ ತಾನು ಕುಡಿದಳು, ಎರಡನೆಯದು ಅಜ್ಜಿಗೆ, ಆಮೇಲೆ ಅಲ್ಲಿದ್ದ ಮಕ್ಕಳಿಗೆಲ್ಲ. ಆಮೇಲೆ ಕ್ಯಾಮೆರಾದ ಕಡೆ ತಿರುಗಿ ನಿಧಾನವಾಗಿ ಹೇಳಿದಳು, "ವಿಷ ಆಗಿದ್ರೆ ಮಕ್ಳಿಗ್ ಕೊಡ್ತೀವಾ ಸ್ವಾಮಿ? ಅವನಿಗೂ ಹಂಗೇ ಕಟ್ಟಿಕೊಟ್ಟಿದ್ದು. ಕಟ್ಟಿದ್ದು ನಾನು."

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅಷ್ಟರಲ್ಲಿ ಅಜ್ಜಿ ಲೋಟ ಕೆಳಗಿಟ್ಟು, ತುಟಿ ಒರೆಸಿಕೊಂಡು, ಕ್ಯಾಮೆರಾಗೆ ಮುಖ ಕೊಟ್ಟು ತೆಲುಗು ಬೆರೆಸಿ ತನ್ನ ಸಾಕ್ಷಿಯನ್ನೂ ಹೇಳಿತು. "ಚಾಲಾ ಬಾಗುಂದಿ, ಬಲೇ ಚೆನ್ನಾಗಿದೆ. ಒಂದ್ ಲೋಟ ಕುಡುದ್ರೆ ಎಂಥಾ ನಿದ್ದೆ ಬರುತ್ತೆ ಅಂತೀಯ, ಲೋಕವೇ ಗೊತ್ತಾಗಲ್ಲ."

ಅಜ್ಜಿಗೆ ತಾನು ಏನು ಹೇಳಿದೆ ಅಂತಲೇ ಗೊತ್ತಿಲ್ಲ, ಇನ್ನೊಂದು ಲೋಟಕ್ಕೆ ಕೈ ಚಾಚಿತ್ತು. ಅಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಆಮೇಲೆ ಎಲ್ಲರಿಗೂ ಒಟ್ಟಿಗೆ ನಗು ಬಂತು, ಅಳು ಬರುವ ಥರದ ನಗು. ಜಗಳವನ್ನೂ ಅಜ್ಜಿಯ ನಿದ್ದೆಯನ್ನೂ ಕತ್ತರಿಸಿ, ಹುರಿಯುವುದು, ರುಬ್ಬುವುದು, ಕುಡಿಯುವುದು ಅಷ್ಟನ್ನೇ ಕಳಿಸುತ್ತೇನೆ ಅಂತ ಸೊಸೆ ಹೇಳಿದಳು. ದೇವರ ಮುಂದೆ ಇದು ಸುಳ್ಳಾಗುತ್ತದೋ ಅಂತ ನನಗೆ ಒಂದು ಚೂರು ಅಳುಕಿತ್ತು. ಹೇಳದೇ ಬಿಟ್ಟದ್ದು ಸುಳ್ಳಲ್ಲ ಅಂತ ನಮ್ಮ ಮನೆಯವರು ಅಂದರು. ಅವತ್ತು ಮಧ್ಯಾಹ್ನ ಅವರೂ ಎರಡು ಲೋಟ ಕುಡಿದು ಸಂಜೆ ಹಾಲು ಕರೆಯುವವರೆಗೂ ಗೊರಕೆ ಹೊಡೆದರು ಅನ್ನುವುದನ್ನು ನಾನೂ ಯಾರಿಗೂ ಹೇಳದೇ ಬಿಟ್ಟೆ.

ಅವರೆಕಾಯಿ ಕಾಲ ಬಂತು. ಬೀದಿಯೆಲ್ಲ ಸೊಗಡಿನ ವಾಸನೆ. ತೀರ್ಪಿನ ದಿನ ಗೊತ್ತಾಯಿತು. ಆ ದಿನವೇ ನಾನು ಹಿತಕಿದ ಅವರೆಬೇಳೆ ಸಾರಿಟ್ಟು ಮುದ್ದೆಗೆ ಎಸರಿಟ್ಟದ್ದು, ಫೋನು ಕೂಗಿ ನಿಂತದ್ದು.

ಮುದ್ದೆ ತಿರುವಿ ಮುಗಿಯಿತು. ಗಂಟಿಲ್ಲದೆ ಬಂದಿತ್ತು, ಅದನ್ನೂ ಒಂದು ಶಕುನ ಅಂದುಕೊಂಡೆ. ಕೈಗೆ ನೀರು ಮುಟ್ಟಿಸಿಕೊಂಡು ಮೊದಲನೇ ಉಂಡೆ ಕಟ್ಟುತ್ತಿದ್ದ ಹಾಗೆ ಮತ್ತೆ ಫೋನು. ಹಿಟ್ಟಿನ ಕೈಯಲ್ಲೇ ಎತ್ತಿದೆ.

ಭಾಯ್ ಸಲಾಮು ಹೇಳಿದರು, ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಅಂದರು, ಮಳೆ ಬೆಳೆ ವಿಚಾರಿಸಿದರು. ಅವರ ಮನೆತನವೇ ಹಾಗೆ, ಮನೆಗೆ ಬೆಂಕಿ ಬಿದ್ದರೂ ಮೊದಲು ಕ್ಷೇಮಸಮಾಚಾರ.

"ಅಮ್ಮಾ, ಒಂದ್ ವಿಷ್ಯ. ನೀವ್ ಕಳ್ಸಿದ್ ವಿಡಿಯೋದಲ್ಲಿ ಅಜ್ಜಿ ನಿದ್ದೆ ಬರುತ್ತೆ ಅಂದಿದ್ದೂ ಬಂದಿತ್ತು."

ಸೊಸೆ ಅವಸರದಲ್ಲಿ ಕತ್ತರಿಸಿದ್ದನ್ನು ಬಿಟ್ಟು ಪೂರ್ತಿಯಾದದ್ದನ್ನೇ ಕಳಿಸಿದ್ದಳು. ಅಕ್ಕಿಯ ಜಗಳ, ಬೆಲ್ಲ ಸಕ್ಕರೆಯ ಜಗಳ, ಅಜ್ಜಿಯ ನಿದ್ದೆ, ಎಲ್ಲ ಆ ದೇಶದ ಕೋರ್ಟಿನಲ್ಲಿ ದೊಡ್ಡದಾಗಿ ಓಡಿತಂತೆ. ಭಾಯ್ ಮಾತು ಮುಂದುವರಿಸಿದರು. ಈ ಹೆಂಗಸರು ಯಾಕೆ ಹೊಡೆದಾಡುತ್ತಿದ್ದಾರೆ ಅಂತ ನ್ಯಾಯಾಧೀಶರು ಕೇಳಿದರಂತೆ. ಭಾಷಾಂತರ ಮಾಡುವವರು, ಸಕ್ಕರೆ ಹಾಕಬೇಕೋ ಬೆಲ್ಲ ಹಾಕಬೇಕೋ ಅಂತ ಅಂದರಂತೆ. ಅಜ್ಜಿಯ ಮಾತು ಬಂದಾಗ ಎಲ್ಲರೂ ಉಸಿರು ಬಿಗಿಹಿಡಿದರಂತೆ. ಹಬ್ಬದ ಊಟ ಮಾಡಿದ ಮೇಲೆ ಅವರ ಊರಲ್ಲಿ ಎಲ್ಲರೂ ಮಲಗುತ್ತಾರೆ ಅಂತ ವಕೀಲರು ಹೇಗೋ ಹೇಳಿದರಂತೆ. ನ್ಯಾಯಾಧೀಶರು ಗಡ್ಡ ಸವರಿಕೊಂಡು, ನಮ್ಮ ಮನೆಯಲ್ಲೂ ಹಾಗೇ ಅಂದರಂತೆ. ಏನೋ ಮುಚ್ಚಿಡುವವರಾದರೆ ಈ ಮುದುಕಿಯ ಮಾತನ್ನು ಕಳಿಸುತ್ತಿರಲಿಲ್ಲ ಅಂತಲೂ ಅಂದರಂತೆ. ಪರೀಕ್ಷೆಯ ವರದಿಯೂ ಅದು ಅಡುಗೆಯ ಬೀಜ ಅಂತಲೇ ಹೇಳಿತ್ತು. ಅವನು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ ಮುದುಕಮ್ಮ ಗಾಲಿಕುರ್ಚಿಯಲ್ಲಿ ಬಂದು, ಇವನು ನನ್ನ ಮಗನ ಹಾಗೆ ಅಂತ ಹೇಳಿ ಹೋಗಿದ್ದರಂತೆ.

ನಾನು ಭಾಯ್ ಅಂದೆ. ಮೊದಲು ತೀರ್ಪು ಹೇಳಿ ಅಂದೆ.

"ಬಿಡುಗಡೆ ಅಮ್ಮಾ. ಕಳ್ಳಸಾಗಣೆ ಅಲ್ಲ ಅಂದ್ರು. ಇಷ್ಟ್ ದಿನ ಒಳಗಿದ್ದಿದ್ದೇ ಶಿಕ್ಷೆ ಅಂತ ಬರ್ದ್ರು. ಇನ್ನು ಈ ದೇಶಕ್ಕೆ ಬರೋ ಹಂಗಿಲ್ಲ. ಈ ವಾರ್ದಲ್ಲೇ ಮನೆಗ್ ಕಳಿಸ್ತಾರೆ."

ಫೋನು ಎಲ್ಲಿಟ್ಟೆನೋ. ಕೈಯಲ್ಲಿ ಹಿಟ್ಟಿನ ಕೋಲು ಯಾವಾಗ ಹಿಡಿದುಕೊಂಡೆನೋ. ಬೀದಿಗೆ ಓಡಿದೆ. ಕೂಗಬೇಕು, ಅಕ್ಕ ಅಂತ ಕೂಗಬೇಕು, ಗಂಟಲಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಅಕ್ಕ ಅವಳ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿದಳು. ನಾನು ಬೀದಿ ದಾಟಿದೆ, ಹೋಗಿ ಅವಳ ಪಕ್ಕ ಕೂತುಬಿಟ್ಟೆ.

ಕೂತ ಮೇಲೆ ನೆನಪಾಯಿತು, ಕೂರಬಾರದಿತ್ತು ಅಂತ.

ಅಕ್ಕ ಮೊರವನ್ನು ಮೆಲ್ಲಗೆ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ರಕ್ತ ಇಳಿದುಹೋಯಿತು. ಇಷ್ಟು ವರ್ಷ ಆ ಮುಖ ನೋಡಿದ್ದೇನೆ, ಹಾಗೆ ಎಂದೂ ನೋಡಿಲ್ಲ. "ಆಯ್ತು ಬಿಡು" ಅಂದಳು. ಅಷ್ಟೇ. ಆಗ ನನ್ನ ಗಂಟಲು ಒಡೆಯಿತು.

"ಅಯ್ಯೋ, ಬರ್ತಾನೆ ಅಕ್ಕ. ಬಿಟ್ರು. ಕೂಗಕ್ ಗಂಟ್ಲೇ ಬರ್ಲಿಲ್ಲ. ಈ ವಾರ್ದಲ್ ಬರ್ತಾನೆ."

ಅಕ್ಕ ನನ್ನ ಮುಖವನ್ನೇ ನೋಡಿದಳು. ನಿಜವೇ ಅಂತ ಅಲ್ಲ, ಇವಳನ್ನು ಏನು ಮಾಡುವುದು ಅಂತ. ಆಮೇಲೆ ನನ್ನ ಕೈಯಿಂದ ಹಿಟ್ಟಿನ ಕೋಲು ಕಿತ್ತುಕೊಂಡು ನನ್ನ ಬೆನ್ನಿಗೆ ಒಂದು ಬಿಟ್ಟಳು. "ನಿನ್ ಮನೆ ಕಾಯ್ವಾಗ. ಒಂದ್ ಕೆಲ್ಸ ಹೇಳಿದ್ದೆ ನಿಂಗೆ, ಒಂದು." ಇನ್ನೊಂದು ಬಿಟ್ಟಳು. ಆಮೇಲೆ ತೆಲುಗು ಬಂತು, ನಾ ತಲ್ಲಿ, ನಾ ಬಂಗಾರು, ನನ್ನಮ್ಮ, ನನ್ನ ಚಿನ್ನ ಅಂತ, ಹಿಟ್ಟು ಮೆತ್ತಿದ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಅವಳ ಹಣೆ, ರೆಪ್ಪೆ, ಕುಂಕುಮ, ಎಲ್ಲಕ್ಕೂ ರಾಗಿ.

ಬೀದಿಯೆಲ್ಲ ಸೇರಿತು. ಸೊಸೆ ಅಳುತ್ತಾ ನಗುತ್ತಾ, ಪೂರ್ತಿ ವಿಡಿಯೋ ಕಳಿಸಿದ್ದಕ್ಕೆ ತನ್ನನ್ನು ಯಾರಾದರೂ ಬೈಯಿರಿ ಅಂತ ಕೇಳಿಕೊಂಡು ಓಡಾಡಿದಳು, ಯಾರೂ ಬೈಯಲಿಲ್ಲ. ತನ್ನ ಮಾತು ದೂರದೇಶದ ಕೋರ್ಟಿನಲ್ಲಿ ನಡೆಯಿತು ಅಂತ ತಿಳಿದು ಅಜ್ಜಿ ಕುರ್ಚಿ ತರಿಸಿಕೊಂಡು ಕೂತಿತು. ನಾನು ಮೊದಲೇ ಹೇಳಿರಲಿಲ್ಲವಾ, ನಿಜ ಹೇಳಿದರೆ ಏನೂ ಆಗುವುದಿಲ್ಲ ಅಂತ ಬಂದವರಿಗೆಲ್ಲ ಹೇಳಿತು. ಅದು ಮೊದಲು ಹಾಗೇನೂ ಹೇಳಿರಲಿಲ್ಲ, ಆದರೆ ಅವತ್ತು ಅಜ್ಜಿಗೆ ಎದುರು ಮಾತಾಡುವವರು ಯಾರೂ ಇರಲಿಲ್ಲ. ನಮ್ಮ ಮನೆಯವರು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೊಲದಿಂದ ಬಂದು, ಗುಂಪು ನೋಡಿ ಗಾಬರಿಯಾಗಿ, ಸುದ್ದಿ ಕೇಳಿ ಹೊರೆಯನ್ನು ಅಲ್ಲೇ ಬೀದಿ ನಡುವೆ ಇಳಿಸಿದರು.

ನಗು ಸ್ವಲ್ಪ ಇಳಿದ ಮೇಲೆ ಅಕ್ಕ ಮುಖ ಒರೆಸಿಕೊಂಡು, ಯಾರನ್ನೂ ಕೇಳದ ಹಾಗೆ ಕೇಳಿದಳು, "ಅವತ್ತು ಟೀವಿಲಿ ತೋರ್ಸಿದ್ರಲ್ಲ, ಆ ಹುಡ್ಗ. ಅವನ್ ಕಥೆ ಏನಾಯ್ತು?"

ಯಾರಿಗೂ ಗೊತ್ತಿರಲಿಲ್ಲ. ಹಿಡಿದದ್ದನ್ನು ತೋರಿಸಿದ್ದರು, ಆಮೇಲಿನದನ್ನು ತೋರಿಸಿರಲಿಲ್ಲ. ಅವನ ಚೀಲದಲ್ಲಿ ಏನಿತ್ತು ಅಂತ ನಾವೂ ಮತ್ತೆ ಕೇಳಿರಲಿಲ್ಲ. ನಮ್ಮ ಮನೆಯವರು ನೇರ ಮಾತಿನವರು. "ಅವನ್ದು ಗಸಗಸೆ ಆಗಿರಲ್ಲ ಬಿಡಕ್ಕ" ಅಂದರು.

"ಆಗಿರಲ್ಲ" ಅಂದಳು ಅಕ್ಕ. "ತಪ್ಪು ಮಾಡಿದ್ರೆ ಒಳಗಿರ್ಲಿ. ಆದ್ರೆ ಕತ್ತು ಬೇಡಪ್ಪ. ಕತ್ತು ಕತ್ತರಿಸ್ಬಿಟ್ರೆ ಆಮೇಲ್ ಯಾರ್ ಬಂದು ಅದು ಪಾಯಸದ್ದು ಅಂತ ಹೇಳ್ತಾರೆ?"

ಡೈರಿಯ ಸಾಲಿನಲ್ಲಿ ಅವತ್ತು ಗಟ್ಟಿಯಾಗಿ ಮಾತಾಡಿದವರಲ್ಲಿ ಇಬ್ಬರು ಅಲ್ಲೇ ನಿಂತಿದ್ದರು. ಒಬ್ಬರು ಹೂಂ ಅಂದರು. ಇನ್ನೊಬ್ಬರು ತಲೆ ಅಲ್ಲಾಡಿಸಿದರು, ಒಪ್ಪಿಯೋ ಒಪ್ಪದೆಯೋ ತಿಳಿಯಲಿಲ್ಲ. ಎಲ್ಲರೂ ಒಂದೇ ಸಲ ಬದಲಾಗಬೇಕು ಅಂತ ನಾನು ದೇವರನ್ನು ಕೇಳಿಕೊಂಡವಳಲ್ಲ. ಒಂದು ಗಂಟಲಾದರೂ ತಗ್ಗಿತಲ್ಲ, ಅದೂ ನಮ್ಮ ಬೀದಿಯ ಅತಿ ದೊಡ್ಡ ಗಂಟಲು.

ಕುರುಡುಮಲೆಯಲ್ಲಿ ಕಟ್ಟಿದ ಹರಕೆ ಏನು ಅಂತ ಆಗ ಕೇಳಿದೆ. ಮಗನ ತಲೆ ಉಳಿದರೆ ಯಾರ ತಲೆಯನ್ನೂ ಕೇಳುವುದಿಲ್ಲ ಅಂತ ಹೇಳಿಕೊಂಡಿದ್ದಳಂತೆ. ಇಂಥ ಹರಕೆ ನಾನು ಕೇಳಿರಲಿಲ್ಲ. ಕಾಯಿ, ಕಡುಬಿಗಿಂತ ಇದನ್ನು ತೀರಿಸುವುದು ಕಷ್ಟ, ಅದೂ ದಿನಾ ಸಂಜೆ ಟೀವಿ ನೋಡುವ ನಮ್ಮ ಅಕ್ಕನಿಗೆ. ಗಣಪತಿಗೆ ಗೊತ್ತು, ಅವನೇ ನೋಡಿಕೊಳ್ಳಲಿ.

ಮಗ ಬರುವ ದಿನ ಏನು ಅಡುಗೆ ಅಂತ ಮಾತು ಶುರುವಾಯಿತು. ಪಾಯಸ ಅಂತೂ ಖಂಡಿತ. ಅಕ್ಕಿ ಹಾಕುವುದೋ ಬೇಡವೋ ಅಂತ ಅಜ್ಜಿ ಬಾಯಿ ತೆಗೆಯಿತು. ಅಲ್ಲಿಗೆ ನಾನು ಕೋಲು ವಾಪಸು ಇಸಿದುಕೊಂಡು ಮನೆಗೆ ಬಂದೆ.

ಒಂದೇ ಒಂದು ಉಂಡೆ ಕಟ್ಟಿ ಬಿಟ್ಟು ಹೋಗಿದ್ದೆ. ಉಳಿದದ್ದೆಲ್ಲ ಪಾತ್ರೆಯಲ್ಲೇ ಆರಿ ಬಿಗಿದುಕೊಂಡಿತ್ತು. ನೀರು ಚಿಮುಕಿಸಿ ಮತ್ತೆ ಒಲೆಗಿಟ್ಟೆ. ಮೆತ್ತಗಾದಷ್ಟನ್ನು ಉಂಡೆ ಮಾಡಿ ತಟ್ಟೆಗೆ ಹಾಕಿ, ಸಾರು ಬಿಸಿಗಿಟ್ಟು, ತಳ ಹತ್ತಿದ ಸೀಕನ್ನು ಕೆರೆಯಲು ಪಾತ್ರೆ ಮಡಿಲಿಗೆಳೆದುಕೊಂಡು ಕೂತೆ.